ಆಫಾನ ಏರಿ: ದಾಖಲೆಯಿಲ್ಲದ ಗಡಿಯೊಂದನ್ನು ಮಣ್ಣಿನಿಂದ ಓದುವ ಬಗೆ

ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿ, ವೇಲ್ಸ್‌ನ ಗಡಿಗೆ ತೀರ ಹತ್ತಿರದಲ್ಲಿ, ಕ್ಲನ್ ಎಂಬ ಸಣ್ಣ ಊರಿದೆ. ಅದರ ದಕ್ಷಿಣಕ್ಕೆ ಸಮುದ್ರಮಟ್ಟದಿಂದ ಸುಮಾರು 430 ಮೀಟರ್ ಎತ್ತರದವರೆಗೆ ಏರುವ ಲಾನ್‌ಫೇರ್ ಹಿಲ್ ಎಂಬ ಬೋಳು ಗುಡ್ಡದ ಬೆನ್ನಿನ ಮೇಲೆ, ಹುಲ್ಲು ಹೊದ್ದ ಮಣ್ಣಿನ ಏರಿಯೊಂದು ಉತ್ತರ ದಕ್ಷಿಣವಾಗಿ ಸಾಗುತ್ತದೆ. ಏರಿಯ ಪಶ್ಚಿಮದ ಮಗ್ಗುಲಿಗೇ ಅಂಟಿಕೊಂಡು ಕಂದಕವಿದೆ. ಕಂದಕದ ತಳದಲ್ಲಿ ನಿಂತವನಿಗೆ ಏರಿಯ ನೆತ್ತಿ ಈಗಲೂ ಆಳೆತ್ತರವನ್ನು ಮೀರಿ ಕಾಣುತ್ತದೆ. ಏರಿಯ ಮೇಲೆ ಹತ್ತಿ ನಿಂತವನಿಗೆ ಪಶ್ಚಿಮದಲ್ಲಿ ವೇಲ್ಸ್‌ನ ಗುಡ್ಡಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಆಫಾಸ್ ಡೈಕ್ ಎಂದು ಹೆಸರಾದ ಗಡಿ ಕಾಮಗಾರಿಯ ಅತ್ಯುತ್ತಮವಾಗಿ ಉಳಿದ ತುಣುಕುಗಳಲ್ಲಿ ಇದೂ ಒಂದು, ಮತ್ತು ಆ ಇಡೀ ಏರಿ ತಲುಪುವ ಅತಿ ಎತ್ತರದ ಜಾಗವೂ ಇಲ್ಲೇ ಇದೆ.

ಈ ಏರಿಯಲ್ಲಿ ಕಲ್ಲಿನ ಗೋಡೆಯಿಲ್ಲ, ಕಾವಲು ಗೋಪುರದ ಕುರುಹಿಲ್ಲ, ಶಾಸನವೂ ಇಲ್ಲ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಆರಂಭಿಸಿದ ಗೋಡೆಯ ಉದ್ದಕ್ಕೂ ಕೋಟೆಗಳೂ ಕಾವಲು ಮನೆಗಳೂ ಸೈನಿಕರು ಬರೆಸಿಟ್ಟ ಕಲ್ಲುಗಳೂ ಸಿಗುತ್ತವೆ. ಯಾವ ದಳ ಎಷ್ಟು ಉದ್ದ ಕಟ್ಟಿತು ಎಂಬುದನ್ನು ಕೂಡ ಹಲವೆಡೆ ಆ ಕಲ್ಲುಗಳೇ ಹೇಳುತ್ತವೆ. ಅದಕ್ಕಿಂತ ಆರು ಶತಮಾನದಷ್ಟು ಈಚಿನದೆಂದು ನಂಬಲಾದ ಈ ಏರಿ ಮಾತ್ರ ಮೂಕ. ಆದ್ದರಿಂದ ಇದನ್ನು ಕಟ್ಟಿದವರು ಯಾರು, ಯಾವಾಗ, ಏತಕ್ಕೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಬಹುಮಟ್ಟಿಗೆ ಮಣ್ಣಿನಿಂದಲೇ, ಅಂದರೆ ಏರಿಯ ಒಳಪದರಗಳಿಂದ, ಅದು ಹಿಡಿದ ದಾರಿಯಿಂದ ಮತ್ತು ಅದು ಇಲ್ಲದ ಜಾಗಗಳಿಂದಲೇ ಹೊರಡಿಸಬೇಕಾಗಿದೆ.

ಬರವಣಿಗೆಯ ಆಧಾರವೆಂದು ಇರುವುದು ಒಂದೇ ಒಂದು ವಾಕ್ಯ. ವೇಲ್ಸ್‌ನ ಸೇಂಟ್ ಡೇವಿಡ್ಸ್ ಮಠದಿಂದ ಬಂದು ವೆಸೆಕ್ಸ್ ರಾಜ್ಯದ ಆಲ್‌ಫ್ರೆಡ್ ಅರಸನ ಆಸ್ಥಾನ ಸೇರಿದ ಆಸರ್ ಎಂಬ ಪಾದ್ರಿ 893ರಲ್ಲಿ ಆ ಅರಸನ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದ. ಅದರಲ್ಲಿ ಬೇರೊಂದು ಪ್ರಸಂಗವನ್ನು ಹೇಳುತ್ತಾ, ಸುತ್ತಲಿನ ಅರಸರನ್ನೆಲ್ಲ ನಡುಗಿಸಿದ್ದ ಆಫಾ ಎಂಬ ಮರ್ಸಿಯಾದ ದೊರೆ ವೇಲ್ಸ್ ಮತ್ತು ಮರ್ಸಿಯಾಗಳ ನಡುವೆ ಸಮುದ್ರದಿಂದ ಸಮುದ್ರದವರೆಗೆ ದೊಡ್ಡ ಏರಿಯನ್ನು ಕಟ್ಟಿಸಿದ ಎಂದು ಹಾದಿಯಲ್ಲಿ ಹೇಳಿ ಮುಗಿಸುತ್ತಾನೆ. ಇಂಗ್ಲೆಂಡಿನ ಮಧ್ಯಭಾಗವನ್ನು ಆವರಿಸಿದ್ದ ಮರ್ಸಿಯಾ ರಾಜ್ಯವನ್ನು ಆಫಾ ಆಳಿದ್ದು 757ರಿಂದ 796ರವರೆಗೆ. ಆಸರ್ ಬರೆದದ್ದು ಅವನು ಸತ್ತು ಸುಮಾರು ನೂರು ವರ್ಷಗಳಾದ ಮೇಲೆ. ಅಲ್ಲದೆ, ‘ಸಮುದ್ರದಿಂದ ಸಮುದ್ರಕ್ಕೆ’ ಎಂಬ ಮಾತು ಆ ಕಾಲದ ಓದುಬರಹ ಬಲ್ಲ ಪಾದ್ರಿಗಳಿಗೆ ಹೊಸದಾಗಿರಲಿಲ್ಲ. ಬೀಡ್ ಎಂಬ ಸನ್ಯಾಸಿ ಎಂಟನೆಯ ಶತಮಾನದಲ್ಲೇ ರೋಮನ್ನರ ಗಡಿಯನ್ನು ವರ್ಣಿಸಲು ಅದನ್ನು ಬಳಸಿದ್ದ. ಹೀಗಾಗಿ ಆಸರ್‌ನ ಮಾತನ್ನು ಸರ್ವೇ ವರದಿಯೆಂದು ಓದುವುದಕ್ಕಿಂತ, ಒಬ್ಬ ದೊಡ್ಡ ಅರಸನ ದೊಡ್ಡ ಕೆಲಸವನ್ನು ಬಣ್ಣಿಸುವ ರೂಢಿಯ ಮಾತೆಂದು ಓದುವುದೇ ಸುರಕ್ಷಿತ ಎಂದು ನನಗೆ ತೋರುತ್ತದೆ.

ಆಫಾ ದಾಖಲೆಗಳಿಲ್ಲದ ಅರಸನೇನಲ್ಲ. ಭೂದಾನದ ಪತ್ರಗಳು ಅವನ ಹೆಸರಿನಲ್ಲಿ ಉಳಿದಿವೆ, ಬೆಳ್ಳಿ ನಾಣ್ಯಗಳು ಹೇರಳವಾಗಿವೆ, ಫ್ರಾಂಕರ ಅರಸ ಷಾರ್ಲಮೇನ್ 796ರಲ್ಲಿ ಅವನಿಗೆ ಬರೆದ ಪತ್ರವೂ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವನ ಒಂದು ಚಿನ್ನದ ನಾಣ್ಯವಂತೂ ನೋಡುವಂಥದ್ದು: ಅಬ್ಬಾಸಿದ್ ಖಲೀಫ ಅಲ್ ಮನ್ಸೂರನ ಹಿಜರಿ 157ರ ದೀನಾರನ್ನು ಮುಂದಿಟ್ಟುಕೊಂಡು, ಅರಬ್ಬಿ ಲಿಪಿಯ ಸಾಲುಗಳನ್ನು ಓದಲು ಬಾರದ ಟಂಕಸಾಲೆಯವನೊಬ್ಬ ಹಾಗೆಹಾಗೇ ನಕಲು ಮಾಡಿ, ಆ ಸಾಲುಗಳ ನಡುವೆ ಲ್ಯಾಟಿನ್‌ನಲ್ಲಿ ‘ಆಫಾ ರೆಕ್ಸ್’ ಎಂದು ತಲೆಕೆಳಗಾಗಿ ಕೂರಿಸಿದ್ದಾನೆ. ಬಾಗ್ದಾದಿನ ಚಿನ್ನ ತಲುಪುತ್ತಿದ್ದ ಆಸ್ಥಾನವೊಂದು ತನ್ನ ನೆಲದ ಅತಿ ದೊಡ್ಡ ಕಾಮಗಾರಿಯ ಬಗ್ಗೆ ಒಂದು ಸಾಲನ್ನೂ ಉಳಿಸಿಲ್ಲ. ಆ ಕಾಲದ ಇಂಗ್ಲಿಷ್ ವಾರ್ಷಿಕ ವೃತ್ತಾಂತಗಳು ಕೂಡ ಏರಿಯ ಮಾತೆತ್ತುವುದಿಲ್ಲ.

ಇನ್ನು ಏರಿಯನ್ನೇ ಓದೋಣ. ಮೊದಲನೆಯದಾಗಿ, ಕಂದಕ ಪಶ್ಚಿಮಕ್ಕೂ ಏರಿ ಪೂರ್ವಕ್ಕೂ ಇದೆ. ಕಂದಕ ತೋಡಿ ಅದರ ಮಣ್ಣನ್ನು ತನ್ನ ಕಡೆಗೆ ಎಸೆದವನು ಪೂರ್ವದವನು, ಅಂದರೆ ಮರ್ಸಿಯಾದವನು. ಬರುವವನು ಕಂದಕಕ್ಕೆ ಇಳಿದು ಏರಿಯನ್ನು ಹತ್ತಬೇಕಾದವನು ಪಶ್ಚಿಮದವನು. ಎರಡು ರಾಜ್ಯಗಳು ಕೂತು ಒಪ್ಪಿಕೊಂಡು ಹಾಕಿದ ಸಮಾನ ಗಡಿಗೆ ಈ ಏಕಮುಖದ ರಚನೆ ಬೇಕಿರಲಿಲ್ಲ. ಎರಡನೆಯದಾಗಿ, ಏರಿ ಹಿಡಿದ ದಾರಿ. ಗುಡ್ಡಗಳ ಸಾಲಿನಲ್ಲಿ ಅದು ಸಾಮಾನ್ಯವಾಗಿ ಪಶ್ಚಿಮಕ್ಕೆ ಇಳಿಯುವ ಮಗ್ಗುಲನ್ನು ಆರಿಸಿಕೊಳ್ಳುತ್ತದೆ, ಇದರಿಂದ ಎರಡು ಲಾಭಗಳಾಗುತ್ತವೆ: ಏರಿಯ ಮೇಲೆ ನಿಂತವನ ಕಣ್ಣಿಗೆ ಪಶ್ಚಿಮದ ಕಣಿವೆಯ ತಳದವರೆಗೂ ಮರೆಯಿರುವುದಿಲ್ಲ, ಹಾಗೆಯೇ ಪಶ್ಚಿಮದ ಕಣಿವೆಯಲ್ಲಿರುವವನ ಕಣ್ಣಿಗೆ ಏರಿ ತಪ್ಪುವುದಿಲ್ಲ. ಹೊಸದಾಗಿ ಕಡಿದ ಕಂದಕದ ಹಸಿ ಮಣ್ಣು ಹಸಿರು ಗುಡ್ಡದ ಮೇಲೆ ಮೈಲಿಗಟ್ಟಲೆ ದೂರದಿಂದ ಎದ್ದು ಕಾಣುತ್ತಿದ್ದಿರಬೇಕು. ಕಟ್ಟಿದವರು ಗೆರೆಯನ್ನು ದೂರದ ಗುರುತಿನಿಂದ ಗುರುತಿಗೆ ನೇರವಾಗಿ ಹಾಯಿಸಿ, ನೆಲದ ಏರುತಗ್ಗು ಬಂದಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಅದನ್ನು ಹೊಂದಿಸಿಕೊಂಡಿದ್ದಾರೆ. ಕೀತ್ ರೇ ಮತ್ತು ಇಯಾನ್ ಬ್ಯಾಪ್ಟಿ ಎಂಬ ಪುರಾತತ್ವಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ತುಂಡು ಜೋಡಣೆಯ ವಿಧಾನಕ್ಕೆ ಬಹಳ ಮಹತ್ವ ಕೊಟ್ಟಿದ್ದಾರೆ.

ಏರಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದಾಗ ಸಿಗುವ ಸಂಗತಿ ಇನ್ನೂ ಸ್ವಾರಸ್ಯಕರವಾದುದು. ಕಂದಕ ತೋಡುವವನು ಮೊದಲು ಹುಲ್ಲಿನ ಹೆಪ್ಪೆಗಳನ್ನು ಕತ್ತರಿಸಿ ತೆಗೆಯುತ್ತಾನೆ, ಆಮೇಲೆ ಕಪ್ಪು ಮೇಲ್ಮಣ್ಣು, ಆಮೇಲೆ ಕೆಳಗಿನ ಗಟ್ಟಿ ಮಣ್ಣು, ಕೊನೆಗೆ ಒಡೆದ ಬಂಡೆಯ ಚೂರು. ಇದೇ ಕ್ರಮದಲ್ಲಿ ಅವು ಏರಿಯ ಮೇಲೆ ಬೀಳುವುದರಿಂದ, ನೆಲದಲ್ಲಿ ಎಲ್ಲಕ್ಕಿಂತ ಮೇಲಿದ್ದುದು ಏರಿಯಲ್ಲಿ ಎಲ್ಲಕ್ಕಿಂತ ಕೆಳಗೂ, ನೆಲದಾಳದಲ್ಲಿದ್ದ ಕಲ್ಲುಚೂರು ಏರಿಯ ನೆತ್ತಿಯಲ್ಲೂ ಸಿಗುತ್ತವೆ. ಏರಿಯ ಅಡಿಯಲ್ಲಿ, ಅದನ್ನು ಕಟ್ಟಿದ ದಿನ ಇದ್ದ ನೆಲವೇ ಮುಚ್ಚಿಟ್ಟಂತೆ ಉಳಿದಿರುತ್ತದೆ. ಚರ್ಬರಿ ಎಂಬ ಊರಿನ ಬಳಿ ಈ ಹಳೆಯ ನೆಲದಲ್ಲಿ ಉಳುಮೆಯ ಸಾಲುಗಳ ಗುರುತಿದ್ದು, ಏರಿ ಅಲ್ಲಿ ಯಾರದೋ ಹೊಲಗಳನ್ನು ಸೀಳಿಕೊಂಡು ಹೋಗಿದೆ ಎಂಬ ವಾದವನ್ನು ವಿದ್ವಾಂಸರು ಮಂಡಿಸಿದ್ದಾರೆ. ಅದು ಸರಿಯಾದರೆ, ಈ ಗಡಿ ಯಾರೂ ಇಲ್ಲದ ಕಾಡುನೆಲದಲ್ಲಿ ಎಳೆದ ಗೆರೆಯಲ್ಲ. ಬದುಕುತ್ತಿದ್ದ ಜನರ ನಡುವೆ ಹಾದ ಗೆರೆ.

ಇಂಥ ಕೆಲಸಕ್ಕೆ ಆಳುಗಳು ಎಲ್ಲಿಂದ ಬಂದರು? ಇದಕ್ಕೆ ಉತ್ತರ ಆಫಾನಿಗಿಂತ ಹಿಂದಿನ ಅರಸನ ಕಾಲದಲ್ಲಿದೆ. 749ರಲ್ಲಿ ಗಮ್ಲಿ ಎಂಬಲ್ಲಿ ಸೇರಿದ ಸಭೆಯಲ್ಲಿ ಮರ್ಸಿಯಾದ ಅರಸ ಏಥೆಲ್‌ಬಾಲ್ಡ್ ಚರ್ಚುಗಳ ಭೂಮಿಗೆ ಅರಸೊತ್ತಿಗೆಯ ಬಿಟ್ಟಿ ಕೆಲಸದ ಬೇಡಿಕೆಗಳಿಂದ ವಿನಾಯಿತಿ ಕೊಟ್ಟ. ಆದರೆ ಸೇತುವೆ ಕಟ್ಟುವ ಕೆಲಸಕ್ಕೂ ಕೋಟೆ ಕಟ್ಟುವ ಕೆಲಸಕ್ಕೂ ವಿನಾಯಿತಿ ಇಲ್ಲವೆಂದು ಸ್ಪಷ್ಟಪಡಿಸಿದ. ಅಂದರೆ ಭೂಮಿಯ ಅಳತೆಗೆ ತಕ್ಕಂತೆ ಆಳುಗಳನ್ನು ಒದಗಿಸುವ ಹೊಣೆ ಆ ಹೊತ್ತಿಗೆ ಮರ್ಸಿಯಾದಲ್ಲಿ ನೆಲೆಗೊಂಡಿತ್ತು. ಅಂದಿನ ಭೂಮಾಪನದ ಘಟಕವಾದ ‘ಹೈಡ್’ ಒಂದು ಕುಟುಂಬವನ್ನು ಸಾಕುವಷ್ಟು ಭೂಮಿ. ಹಳೆಯ ಪಟ್ಟಿಯೊಂದು ಮರ್ಸಿಯಾದ ಮೂಲಪ್ರದೇಶಕ್ಕೆ 30,000 ಹೈಡ್‌ಗಳನ್ನು ಲೆಕ್ಕ ಹಾಕುತ್ತದೆ. ಒಂದು ಮೀಟರ್ ಉದ್ದದ ಏರಿಗೆ ಹತ್ತು ಘನ ಮೀಟರ್ ಮಣ್ಣು ಬೇಕೆಂದೂ, ಒಬ್ಬ ಆಳು ದಿನಕ್ಕೆ ಎರಡು ಘನ ಮೀಟರ್ ತೋಡಿ ಹಾಕುತ್ತಾನೆಂದೂ ಹಿಡಿದುಕೊಂಡರೆ, ನೂರು ಕಿಲೋಮೀಟರಿಗೆ ಐದು ಲಕ್ಷ ಆಳುದಿನಗಳು ತಗಲುತ್ತವೆ. ಆರು ಹೈಡ್‌ಗೆ ಒಬ್ಬನಂತೆ ಐದು ಸಾವಿರ ಜನ ಬಂದರೆ ನೂರು ದಿನಗಳ ಕೆಲಸ. ಇದು ಲೆಕ್ಕಾಚಾರ ಮಾತ್ರ, ಆದರೂ ಒಂದು ಸಂಗತಿ ಇದರಿಂದ ಖಚಿತವಾಗುತ್ತದೆ: ಬಿತ್ತನೆಗೂ ಕೊಯ್ಲಿಗೂ ನಡುವಿನ ಬಿಡುವಿನಲ್ಲಿ, ಎರಡು ಮೂರು ವರ್ಷಗಳಲ್ಲಿ, ವ್ಯವಸ್ಥೆಯಿರುವ ಒಂದು ರಾಜ್ಯ ಮಾಡಿ ಮುಗಿಸಬಹುದಾದ ಕೆಲಸ ಇದಾಗಿತ್ತು. ಕಷ್ಟದ ಭಾಗ ಮಣ್ಣು ಹೊರುವುದಲ್ಲ, ಅಷ್ಟು ಜನರನ್ನು ಕರೆಸಿ, ಅನ್ನ ಹಾಕಿ, ಒಂದೇ ಗೆರೆಯ ಮೇಲೆ ನಿಲ್ಲಿಸುವುದು.

ಕಾಲನಿರ್ಣಯದ ವಿಷಯಕ್ಕೆ ಬಂದರೆ ತೊಡಕು ಶುರುವಾಗುತ್ತದೆ. ಮಣ್ಣಿಗೆ ತನ್ನದೆಂಬ ವಯಸ್ಸಿಲ್ಲ. ಏರಿಯೊಳಗೆ ಸಿಕ್ಕಿಕೊಂಡ ಹುಲ್ಲುಹೆಪ್ಪೆಗಳಲ್ಲಿರುವ ಸಸ್ಯಾಂಶದ ಇಂಗಾಲವನ್ನು ಅಳೆದು ಆ ಸಸ್ಯ ಸತ್ತ ಕಾಲವನ್ನು ಅಂದಾಜು ಮಾಡಬಹುದು, ಆದರೆ ಆ ಹೆಪ್ಪೆಯಲ್ಲಿ ಇನ್ನೂ ಹಳೆಯ ಬೇರು, ಇದ್ದಿಲು ಬೆರೆತಿದ್ದರೆ ಫಲಿತಾಂಶ ನಿಜಕ್ಕಿಂತ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಅಂಥ ಫಲಿತಾಂಶದ ಸರಿಯಾದ ಅರ್ಥ ‘ಏರಿ ಈ ಕಾಲದ್ದು’ ಎಂದಲ್ಲ, ‘ಏರಿ ಈ ಕಾಲಕ್ಕಿಂತ ಹಿಂದಿನದಲ್ಲ’ ಎಂದು. ಕ್ಲೂಯಿಡ್ ಪೋವಿಸ್ ಪುರಾತತ್ವ ಟ್ರಸ್ಟ್ 2014ರಲ್ಲಿ ಉತ್ತರದ ಚರ್ಕ್ ಎಂಬ ಊರಿನ ಬಳಿ ಅಗೆದು ಮಾದರಿಗಳನ್ನು ಪರೀಕ್ಷಿಸಿದಾಗ, ಒಂದು ಭಾಗದ ಮಾದರಿಗಳು 430ರಿಂದ 652ರ ನಡುವಿನ ಕಾಲವನ್ನೂ ಇನ್ನೊಂದು ಭಾಗದವು 887ರಿಂದ 1019ರ ನಡುವಿನ ಕಾಲವನ್ನೂ ತೋರಿಸಿದವು. ಮೊದಲನೆಯದು ಆಫಾ ಹುಟ್ಟುವುದಕ್ಕೂ ಮೊದಲು, ಎರಡನೆಯದು ಅವನು ಸತ್ತು ತಲೆಮಾರುಗಳು ಕಳೆದ ಮೇಲೆ. ಇದರಿಂದ ಪತ್ರಿಕೆಗಳಲ್ಲಿ ‘ಏರಿ ಆಫಾನದ್ದೇ ಅಲ್ಲ’ ಎಂಬ ಸುದ್ದಿಯೂ ಬಂತು. ಅದು ಅವಸರದ ತೀರ್ಮಾನ. ಮೊದಲ ಫಲಿತಾಂಶ ಏರಿ ರೋಮನ್ನರ ಕಾಲಕ್ಕಿಂತ ಈಚಿನದೆಂಬುದನ್ನು ಗಟ್ಟಿಮಾಡುತ್ತದೆ, ಎರಡನೆಯದು ಆಫಾನ ನಂತರವೂ ಕೆಲವೆಡೆ ದುರಸ್ತಿ ನಡೆದಿದೆ ಎನ್ನುತ್ತದೆ. ಹಳೆಯ ಗಡಿಗೆರೆಗಳನ್ನು ಜೋಡಿಸಿಕೊಂಡು, ಹಲವು ಅರಸರ ಕಾಲದಲ್ಲಿ ಬೆಳೆದ ಕೆಲಸವೊಂದಕ್ಕೆ ಅದರ ಬಹುಪಾಲನ್ನು ಮುಗಿಸಿದ ಬಲಿಷ್ಠ ಅರಸನ ಹೆಸರು ಅಂಟಿಕೊಂಡಿರುವ ಸಾಧ್ಯತೆಯೂ ಇದೆ.

ಈ ಏರಿಯ ಪೂರ್ವಕ್ಕೆ, ಉತ್ತರ ಭಾಗದಲ್ಲಿ, ಅದಕ್ಕೆ ಸಮಾನಾಂತರವಾಗಿ ಸುಮಾರು 64 ಕಿಲೋಮೀಟರ್ ಸಾಗುವ ವಾಟ್ಸ್ ಡೈಕ್ ಎಂಬ ಇನ್ನೊಂದು ಏರಿಯಿದೆ. ಅದು ಆಫಾನದಕ್ಕಿಂತ ಹಳೆಯದೆಂದು ಬಹುಕಾಲ ನಂಬಲಾಗಿತ್ತು. 2006ರಲ್ಲಿ ಗಾಬೋವೆನ್ ಊರಿನ ಬಳಿ ನಡೆದ ಉತ್ಖನನದಲ್ಲಿ, ಮರಳಿನ ಕಣಗಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಎಂಬುದನ್ನು ಅಳೆಯುವ ವಿಧಾನದಿಂದ ಅದು ಒಂಬತ್ತನೆಯ ಶತಮಾನದ ಆರಂಭದ್ದೆಂಬ ಫಲಿತಾಂಶ ಬಂದು, ಎರಡು ಏರಿಗಳ ಕಾಲಕ್ರಮವೇ ಅದಲುಬದಲಾಯಿತು.

ಏರಿಯ ಉದ್ದದ ಕುರಿತ ಜಗಳ ಇನ್ನೂ ಹಳೆಯದು. 1920ರ ದಶಕದಲ್ಲಿ ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಸಿರಿಲ್ ಫಾಕ್ಸ್ ಇಡೀ ಗಡಿಯನ್ನು ಕಾಲ್ನಡಿಗೆಯಲ್ಲಿ ಅಳೆಯುವ ಕೆಲಸಕ್ಕೆ ಕೈಹಾಕಿದರು. ಅವರ ಸಮಗ್ರ ಕೃತಿ ಹೊರಬಂದದ್ದು 1955ರಲ್ಲಿ. ಆಸರ್‌ನ ಮಾತನ್ನು ನಂಬಿದ್ದ ಅವರಿಗೆ ದಕ್ಷಿಣದ ಸೆವೆರ್ನ್ ನದೀಮುಖದಿಂದ ಉತ್ತರದ ಕಡಲಿನವರೆಗೆ ಗಡಿ ಕಾಣಿಸಿತು, ಆದರೆ ಅದರಲ್ಲಿ ಸುಮಾರು 130 ಕಿಲೋಮೀಟರಿನಷ್ಟು ಮಾತ್ರ ಏರಿಯಾಗಿತ್ತು. ಹೆರೆಫರ್ಡ್‌ಶೈರ್‌ನಲ್ಲಿರುವ ದೊಡ್ಡ ಖಾಲಿ ಜಾಗಕ್ಕೆ ಅವರು ಕೊಟ್ಟ ಕಾರಣ, ಅಲ್ಲಿ ದಟ್ಟವಾದ ಓಕ್ ಕಾಡಿದ್ದು ಏರಿಯ ಅಗತ್ಯವೇ ಬೀಳಲಿಲ್ಲ ಎಂಬುದು. 1970ರ ದಶಕದಿಂದ ಡೇವಿಡ್ ಹಿಲ್ ಮತ್ತು ಮಾರ್ಗರೆಟ್ ವರ್ದಿಂಗ್ಟನ್ ನಡೆಸಿದ ಹತ್ತಾರು ಸಣ್ಣ ಉತ್ಖನನಗಳು ಬೇರೊಂದು ಚಿತ್ರ ಕೊಟ್ಟವು. ಏರಿ ಮುರಿದಂತೆ ಕಾಣುವ ಕಡೆ ಅಗೆದರೆ, ನಡುಭಾಗದ ಗಡಿಯಲ್ಲಿ ನೆಲದಡಿ ಕಂದಕ ಮುಂದುವರಿದದ್ದು ಸಿಗುತ್ತಿತ್ತು. ಅಂದರೆ ಆ ಬಿರುಕುಗಳು ಬಾಗಿಲುಗಳಲ್ಲ, ನಂತರದ ರಸ್ತೆ, ಉಳುಮೆಗಳಿಂದ ಆದವು. ಆದರೆ ತೀರ ದಕ್ಷಿಣ ಮತ್ತು ತೀರ ಉತ್ತರದಲ್ಲಿ ಕಂದಕವೇ ಸಿಗಲಿಲ್ಲ. ಹೆರೆಫರ್ಡ್‌ಶೈರ್‌ನ ರಶಾಕ್ ಹಿಲ್‌ನಿಂದ ಫ್ಲಿಂಟ್‌ಶೈರ್‌ನ ಟ್ರೆಥಿನ್ ಪ್ರದೇಶದವರೆಗಿನ 103 ಕಿಲೋಮೀಟರ್ ಮಾತ್ರವೇ ಅಸಲಿ ಏರಿ ಎಂದು 2003ರಲ್ಲಿ ಅವರು ವಾದಿಸಿದರು. ವೈ ನದಿಯ ದಂಡೆಯ ದಕ್ಷಿಣದ ತುಣುಕನ್ನು ಇದರಿಂದ ಹೊರಗಿಡಲು ರೇ ಮತ್ತು ಬ್ಯಾಪ್ಟಿ ಒಪ್ಪುವುದಿಲ್ಲ. ಕಟ್ಟುವ ಕೈಚಳಕ ಎರಡೂ ಕಡೆ ಒಂದೇ ಎಂಬುದು ಅವರ ನೆಲೆ.

ಆ 103 ಕಿಲೋಮೀಟರಿನ ಮಹತ್ವ ಸಂಖ್ಯೆಯಲ್ಲಿಲ್ಲ. ಅಷ್ಟೂ ಉದ್ದಕ್ಕೆ ಏರಿಯ ಎದುರಿಗಿದ್ದದ್ದು ವೇಲ್ಸ್‌ನ ಹಲವು ರಾಜ್ಯಗಳಲ್ಲಿ ಒಂದೇ ಒಂದು: ಪೋವಿಸ್. ಆ ರಾಜ್ಯದ ಮಾತನ್ನು ಕೇಳಲು ಲಾಂಗಾಲೆನ್ ಬಳಿಯ ಕಣಿವೆಯಲ್ಲಿ ಒಂದು ಕಲ್ಲುಕಂಬ ಉಳಿದಿದೆ. ಒಂಬತ್ತನೆಯ ಶತಮಾನದ ಪೋವಿಸ್ ಅರಸ ಕಿಂಗೆನ್ ಅದನ್ನು ನಿಲ್ಲಿಸಿ, ತನ್ನ ಮುತ್ತಜ್ಜ ಎಲಿಸೆಗ್ ಕತ್ತಿ ಮತ್ತು ಬೆಂಕಿಯಿಂದ ಪೋವಿಸ್‌ನ ಪಿತ್ರಾರ್ಜಿತ ನೆಲವನ್ನು ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡನೆಂದು ಬರೆಸಿದ. ಅಕ್ಷರಗಳು ಈಗ ಅಳಿಸಿಹೋಗಿವೆ. ಎಡ್ವರ್ಡ್ ಲುಯಿಡ್ ಎಂಬ ವಿದ್ವಾಂಸರು 1696ರಲ್ಲಿ ಮಾಡಿಕೊಂಡ ನಕಲಿನಿಂದ ಮಾತ್ರ ಅವನ್ನು ಓದಬಹುದು. ಎಲಿಸೆಗ್ ಬಹುಮಟ್ಟಿಗೆ ಆಫಾನ ಸಮಕಾಲೀನ. ವೇಲ್ಸ್‌ನ ವಾರ್ಷಿಕ ವೃತ್ತಾಂತಗಳು 760ರಲ್ಲಿ ಹೆರೆಫರ್ಡ್‌ನಲ್ಲಿ ಯುದ್ಧವಾದುದನ್ನೂ, 778 ಮತ್ತು 784ರಲ್ಲಿ ಆಫಾ ವೇಲ್ಸ್‌ನ ನೆಲವನ್ನು ಹಾಳುಗೆಡವಿದುದನ್ನೂ ದಾಖಲಿಸುತ್ತವೆ. ಕಳೆದುಕೊಂಡ ನೆಲವನ್ನು ಒಂದು ಕಡೆಯವರು ಮರಳಿ ಹಿಡಿಯುತ್ತಿದ್ದ, ಇನ್ನೊಂದು ಕಡೆಯವರು ಊರು ಸುಡುತ್ತಿದ್ದ ಗಡಿಯಲ್ಲಿ ಏರಿಯನ್ನು ಇಟ್ಟು ನೋಡಬೇಕು.

ಹಾಗಾದರೆ ಏರಿ ಏನು ಕೆಲಸ ಮಾಡುತ್ತಿತ್ತು? ಸೈನ್ಯವನ್ನು ತಡೆಯುವ ಗೋಡೆ ಇದಾಗಿರಲಾರದು: ನೂರು ಕಿಲೋಮೀಟರ್ ಉದ್ದಕ್ಕೆ ಆಳು ನಿಲ್ಲಿಸುವ ಶಕ್ತಿ ಆ ಕಾಲದ ಯಾವ ರಾಜ್ಯಕ್ಕೂ ಇರಲಿಲ್ಲ, ಸೈನಿಕರ ನೆಲೆಗಳೂ ಸಿಕ್ಕಿಲ್ಲ. ಬರಿಯ ಗುರುತಿನ ಗೆರೆಯೆಂಬ ವಾದವೂ ನನಗೆ ಒಪ್ಪಿಗೆಯಾಗುವುದಿಲ್ಲ. ಗುರುತಿಗೆ ಕಲ್ಲು ನೆಟ್ಟರೆ ಸಾಕಿತ್ತು, ಎರಡು ಮೀಟರ್ ಆಳದ ಕಂದಕ ಬೇಕಿರಲಿಲ್ಲ. ಆ ಗಡಿಯ ನಿತ್ಯದ ಯುದ್ಧ ಸೈನ್ಯಗಳದ್ದಲ್ಲ, ದನಗಳದ್ದು. ನಮ್ಮ ಹಳ್ಳಿಗಳ ತುರುಗೊಳ್ ವೀರಗಲ್ಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇರುಳಲ್ಲಿ ಹತ್ತಿಪ್ಪತ್ತು ಜನ ಬಂದು ಊರಿನ ದನಗಳನ್ನು ಅಟ್ಟಿಕೊಂಡು ಹೋಗುವುದೇ ದಾಳಿ, ಅವನ್ನು ಬಿಡಿಸಿಕೊಳ್ಳುವುದೇ ಶೌರ್ಯ. ಹತ್ತು ಜನ ಕಂದಕಕ್ಕಿಳಿದು ಏರಿ ಹತ್ತಿ ಒಳನುಗ್ಗುವುದು ಕೆಲವು ನಿಮಿಷಗಳ ಮಾತು. ಆದರೆ ಕದ್ದ ಐವತ್ತು ದನಗಳನ್ನು ಅದೇ ಏರಿಯ ಮೇಲೆ ಹತ್ತಿಸಿ, ಕಡಿದಾದ ಕಂದಕಕ್ಕೆ ಇಳಿಸಿ, ಆಚೆ ದಡ ಹತ್ತಿಸುವುದು ಹಾಗಲ್ಲ. ಬೆನ್ನಟ್ಟಿ ಬರುವವರು ತಲುಪಲು ಅಷ್ಟು ಹೊತ್ತೇ ಸಾಕು. ಏರಿ ತಡೆಯುತ್ತಿದ್ದುದು ಬರುವುದನ್ನಲ್ಲ, ಕೊಳ್ಳೆಯೊಂದಿಗೆ ಹಿಂದಿರುಗುವುದನ್ನು ಎಂದು ಓದಿದರೆ, ಬಾಗಿಲುಗಳು ಸಿಗದಿರುವುದೂ, ಪಶ್ಚಿಮದ ಕಣಿವೆಗಳನ್ನು ಕಣ್ಣಳತೆಯಲ್ಲಿಟ್ಟುಕೊಳ್ಳುವ ದಾರಿಯೂ, ಕೋಟೆಗಳಿಲ್ಲದಿರುವುದೂ ಒಟ್ಟಿಗೆ ಹೊಂದಿಕೊಳ್ಳುತ್ತವೆ.

ಇದಕ್ಕೆ ನೇರ ಸಾಕ್ಷ್ಯವಲ್ಲದಿದ್ದರೂ ಹತ್ತಿರದ ಸಾಕ್ಷ್ಯವೊಂದು ಹತ್ತನೆಯ ಶತಮಾನದ್ದೆಂದು ಎಣಿಸಲಾಗುವ ಕಟ್ಟಳೆಯಲ್ಲಿದೆ. ಇದೇ ಗಡಿಯ ದಕ್ಷಿಣದಲ್ಲಿ, ಪ್ರಾಯಶಃ ವೈ ನದಿಯ ಎರಡೂ ದಂಡೆಗಳಲ್ಲಿ ವಾಸವಿದ್ದ ಡುನ್‌ಸೆಟೆ ಎಂಬ ಇಂಗ್ಲಿಷ್ ಮತ್ತು ವೇಲ್ಷ್ ಜನರ ನಡುವಿನ ಒಪ್ಪಂದ ಅದು. ಕಳುವಾದ ದನಗಳ ಹೆಜ್ಜೆಜಾಡು ನದಿಯನ್ನು ದಾಟಿದರೆ ಜಾಡು ಹಿಡಿದು ಬಂದವನು ಅದನ್ನು ಆಚೆ ದಡದವರ ಕೈಗೆ ಒಪ್ಪಿಸಬೇಕು, ಅಲ್ಲಿಂದ ಮುಂದಿನ ಹೊಣೆ ಆ ನೆಲದ ಒಡೆಯನದು. ಒಂಬತ್ತು ರಾತ್ರಿಗಳೊಳಗೆ ವ್ಯಾಜ್ಯಕ್ಕೆ ದಾರಿ ಕಾಣಿಸಬೇಕು. ಒಂದು ದಡದವನು ಇನ್ನೊಂದು ದಡಕ್ಕೆ ಹೋಗಬೇಕಾದರೆ ಅಲ್ಲಿನ ನೇಮಿತ ವ್ಯಕ್ತಿ ದಂಡೆಗೆ ಬಂದು ಕರೆದೊಯ್ದು, ಮರಳಿ ಅಲ್ಲಿಗೇ ತಂದು ಬಿಡಬೇಕು. ನ್ಯಾಯ ಹೇಳಲು ಹನ್ನೆರಡು ಜನ, ಆರು ಇಂಗ್ಲಿಷರು, ಆರು ವೇಲ್ಷರು. ಕದನದ ಗಡಿಯೊಂದು ವ್ಯವಹಾರದ ಗಡಿಯಾಗುವುದು ಹೀಗೆ. ಆಗಲೂ ಕೇಂದ್ರದಲ್ಲಿರುವುದು ದನ, ಜಾಡು, ದಾಟುವ ಜಾಗ. ಗೆರೆ ದಾಟಿ ಬಂದ ವೇಲ್ಷನ ಕೈ ಕತ್ತರಿಸುತ್ತಿದ್ದರು, ಕಿವಿ ಕೊಯ್ಯುತ್ತಿದ್ದರು ಎಂಬ ಮುಂದಿನ ಕಾಲದ ಕಥೆಗಳು ಇದಕ್ಕಿಂತ ಹೆಚ್ಚು ಪ್ರಸಿದ್ಧವಾಗಿರುವುದು ಸಹಜವೇ, ಕಟ್ಟಳೆಗಿಂತ ಕಥೆ ರುಚಿ.

ಏರಿಯ ರಾಜಕೀಯ ಆಯುಸ್ಸು ದೊಡ್ಡದಿರಲಿಲ್ಲ. ಆಫಾನ ನಂತರ ಬಂದ ಕೋನ್‌ವುಲ್ಫ್ ಏರಿಯ ಹಿಂದೆ ಕೂರುವ ಬದಲು ಪಶ್ಚಿಮಕ್ಕೆ ದಂಡೆತ್ತಿ ಹೋದ, 821ರಲ್ಲಿ ಉತ್ತರದ ಗಡಿಯ ಬೇಸಿಂಗ್‌ವರ್ಕ್‌ನಲ್ಲೇ ಸತ್ತ. ಮರುವರ್ಷ ಮರ್ಸಿಯಾದವರು ಪೋವಿಸ್ ಅನ್ನು ವಶಪಡಿಸಿಕೊಂಡರೆಂದು ವೃತ್ತಾಂತಗಳು ಹೇಳುತ್ತವೆ. ಇಂದಿನ ಇಂಗ್ಲೆಂಡ್ ವೇಲ್ಸ್ ಗಡಿ ಮಾಂಟ್‌ಗಮರಿ ಬಳಿಯಂಥ ಕೆಲವು ಕಡೆ ಮಾತ್ರ ಏರಿಯನ್ನು ಅನುಸರಿಸುತ್ತದೆ, ಉಳಿದೆಡೆ ಅದರ ಆಚೀಚೆ ಹರಿಯುತ್ತದೆ. ನಾವು ಮೊದಲು ಕಂಡ ಲಾನ್‌ಫೇರ್ ಹಿಲ್‌ನ ತುಣುಕು ಸಂಪೂರ್ಣವಾಗಿ ಇಂಗ್ಲೆಂಡಿನೊಳಗಿದೆ. ಅದರ ದಕ್ಷಿಣದ ನೈಟನ್ ಪಟ್ಟಣ ಏರಿಯ ಮೇಲೆಯೇ ಬೆಳೆದಿದೆ. 1971ರ ಜುಲೈ 10ರಂದು ಅಲ್ಲಿಯೇ, 1953ರ ಎವರೆಸ್ಟ್ ತಂಡದ ನಾಯಕರಾಗಿದ್ದ ಜಾನ್ ಹಂಟ್ 285 ಕಿಲೋಮೀಟರ್ ಉದ್ದದ ಆಫಾಸ್ ಡೈಕ್ ಕಾಲುದಾರಿಯನ್ನು ಉದ್ಘಾಟಿಸಿದರು. ದಕ್ಷಿಣದ ಸೆಡ್ಬರಿಯಿಂದ ಉತ್ತರದ ಪ್ರೆಸ್ಟ್ಯಾಟಿನ್ ಕಡಲತೀರದವರೆಗೆ ಹೋಗುವ ಈ ದಾರಿ ‘ಸಮುದ್ರದಿಂದ ಸಮುದ್ರಕ್ಕೆ’ ಎಂಬ ಆಸರ್‌ನ ಮಾತನ್ನು ನಿಜಮಾಡುತ್ತದೆ, ಏರಿ ಮಾಡುವುದಿಲ್ಲ; ಏರಿಯ ಜೊತೆಜೊತೆಗೆ ಅದು ಸಾಗುವುದು ಮೂರನೇ ಒಂದರಷ್ಟು ದೂರ.

ಉಳಿದ ಏರಿಗೆ ಇವತ್ತಿನ ಶತ್ರುಗಳು ಸಣ್ಣವು: ಬಿಲ ತೋಡುವ ಬ್ಯಾಡ್ಜರ್ ಮತ್ತು ಮೊಲ, ಒಂದೇ ಜಾಗದಲ್ಲಿ ಹತ್ತಿಳಿಯುವ ದನ, ಬುಡಸಮೇತ ಉರುಳುವ ಮರ, ಚಾರಣಿಗರ ಬೂಟು. ಚರ್ಕ್ ಕೋಟೆಯ ಉದ್ಯಾನದಲ್ಲಿ ಒಂದು ಭಾಗ ಅಲಂಕಾರದ ಕೆರೆಯಡಿ ಮುಳುಗಿದೆ. ದೊಡ್ಡ ಏಟು ಬಿದ್ದದ್ದು 2013ರಲ್ಲಿ, ಚರ್ಕ್‌ನ ಹತ್ತಿರವೇ ಸುಮಾರು 45 ಮೀಟರ್ ಉದ್ದದ ಏರಿಯನ್ನು ಯಂತ್ರದಿಂದ ನೆಲಸಮ ಮಾಡಿದಾಗ. ಅದು ರಕ್ಷಿತ ಸ್ಮಾರಕವೇ ಆಗಿದ್ದರೂ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ; ಜಾಗ ರಕ್ಷಿತವೆಂಬುದು ತನಗೆ ತಿಳಿದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು 1979ರ ಕಾಯ್ದೆಯಲ್ಲಿ ಅವಕಾಶವಿತ್ತು. ವೇಲ್ಸ್‌ನ ಶಾಸನಸಭೆ 2016ರಲ್ಲಿ ತಂದ ಪಾರಂಪರಿಕ ಪರಿಸರ ಕಾಯ್ದೆ ಆ ಕಿಂಡಿಯನ್ನು ಕಿರಿದುಗೊಳಿಸಿದೆ: ಜಾಗ ರಕ್ಷಿತವೇ ಎಂದು ತಿಳಿಯಲು ತಕ್ಕ ಪ್ರಯತ್ನ ಮಾಡಿದ್ದೆನೆಂಬುದನ್ನು ಈಗ ಆರೋಪಿಯೇ ತೋರಿಸಬೇಕು.